ಅಕ್ಕಿ ಚೀಲ ಹೊತ್ತುಕೊಂಡು ತೂಕದ ಮಷಿನ್ ತರಲು ಹೋದದ್ದು

ಓದುವ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲಿತದ್ದು ತಡವಾಗಿ. ನಲವತ್ತು ದಾಟಿದ ಮೇಲೆ ಹತ್ತನೇ ಇಯತ್ತೆ ಕಟ್ಟಿ ಪಾಸಾದವನು. ಈಗ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಎಲ್ಲಾದರೂ ಒತ್ತು, ದೀರ್ಘ ಬಿಟ್ಟುಹೋಗಿದ್ದರೆ ನೀವೇ ಹಚ್ಚಿಕೊಂಡು ಓದಿರಿ, ಸಿಟ್ಟಾಗಬೇಡಿರಿ.

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಚೀಲ ತೂಗುವುದು ನನ್ನ ಕೆಲಸ. ಮೂವತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಒಂದು ತಕ್ಕಡಿಯೂ ಇರಲಿಲ್ಲ. ಅದರ ಅವಶ್ಯಕತೆ ಬಂದದ್ದು ನನ್ನ ಹೆಂಡತಿಯ ಕಾಲು ಬಾತಾಗ.

ಕೆಲವು ದಿನಗಳಿಂದ ಅವಳಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ಕೊಪ್ಪಳದ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, ಹೃದಯದ ಶಕ್ತಿ ಕಡಿಮೆಯಾಗಿದೆ, ಅದಕ್ಕೆ ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದರು. ಗುಳಿಗೆ ಬರೆದರು. ಉಪ್ಪು ಕಡಿಮೆ ಮಾಡಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ದಿನಾ ಮುಂಜಾನೆ ಚಾ ಕುಡಿಯೋಕಿಂತ ಮೊದಲು ಇವರ ತೂಕ ನೋಡಿ ಬರೀರಿ. ಎರಡು ಮೂರು ದಿನದಾಗ ಎರಡು ಕಿಲೋ ಏರಿತು ಅಂದ್ರ ಅದು ಕೊಬ್ಬಲ್ಲ, ನೀರು. ಕಾಯಬ್ಯಾಡ್ರಿ, ಅವತ್ತೇ ಕರಕೊಂಡು ಬರ್ರಿ. ಮನ್ಯಾಗ ತೂಕದ ಮಷಿನ್ ಐತೇನ್ರಿ?"

"ಮಿಲ್ಲಿನಾಗ ದೊಡ್ಡದು ಐತ್ರಿ," ಅಂದೆ.

ನನ್ನ ಹೆಂಡತಿ ಅಲ್ಲಿಯೇ ಹೇಳಿಬಿಟ್ಟಳು: "ಡಾಕ್ಟ್ರಮ್ಮಾರ, ದಿನಾ ನೆಲ್ಲಿನ ಚೀಲದ ಸಾಲಿನ್ಯಾಗ ನಿಲ್ಲಾಕ ನನ್ನ ಕೈಲೆ ಆಗಂಗಿಲ್ಲ ನೋಡ್ರಿ."

ಹಾಗಾಗಿ ಮನೆಗೆ ಒಂದು ಮಷಿನ್ ಬೇಕಾಯಿತು. ಸುಳ್ಳು ಹೇಳುವ ಮಷಿನ್ ತಂದರೆ ನೀರು ತುಂಬಿದ್ದು ಗೊತ್ತೇ ಆಗುವುದಿಲ್ಲ ಎಂಬ ಹೆದರಿಕೆ ನನಗೆ. ಅದಕ್ಕೆ ಮಿಲ್ಲಿನ ಕಾಟಾದ ಮೇಲೆ ಚೀಲ ಸೇರಿ ಸರಿಯಾಗಿ ಇಪ್ಪತ್ತೈದು ಕಿಲೋ ಆಗುವಂತೆ ಅಕ್ಕಿ ತೂಗಿ ಚೀಲದ ಬಾಯಿ ಹೊಲಿದೆ. ಆ ಕಾಟಾಕ್ಕೆ ಸರಕಾರದವರು ಬಂದು ಪರೀಕ್ಷೆ ಮಾಡಿ ಸೀಲು ಒತ್ತಿರುತ್ತಾರೆ, ಅದರ ಮಾತು ಖರೆ. ಮನೆಯಿಂದ ಅರ್ಧ ಕಿಲೋ ಉಪ್ಪಿನ ಪಾಕೀಟನ್ನೂ ತೆಗೆದುಕೊಂಡೆ.

"ನನಗ ಉಪ್ಪು ತಿನಬ್ಯಾಡ ಅಂದಾರ, ನಿಮಗ ಹೊತ್ಕೊಂಡು ತಿರುಗು ಅಂದಾರೇನ್ರಿ?" ಎಂದು ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು.

ಬಜಾರದಲ್ಲಿ ದವಾಖಾನೆಯ ಸಾಮಾನು ಮಾರುವ ಒಂದು ಅಂಗಡಿ ಇದೆ. ಹೆಗಲ ಮೇಲೆ ಅಕ್ಕಿ ಚೀಲ ನೋಡಿ ಅಂಗಡಿಯ ಸಾಹೇಬರು ಗಾಬರಿಯಾದರು.

"ಯಜಮಾನ್ರ, ಕಿರಾಣಿ ಅಂಗಡಿ ಆಚಿ ಕಡೆ ಐತ್ರಿ."

"ಮಾರಾಕ ಬಂದಿಲ್ಲ ಸಾಹೇಬ್ರ, ತೂಗಾಕ ಬಂದೀನಿ," ಎಂದು ಹೇಳಿ ಸಂಗತಿ ತಿಳಿಸಿದೆ. ಪಾಪ, ಒಳ್ಳೆಯ ಮನುಷ್ಯ. ಮೂರು ಮಷಿನ್ ತೆಗೆದು ನೆಲದ ಮೇಲೆ ಇಟ್ಟರು.

ಮೊದಲನೆಯದು ಮುಳ್ಳಿನದು. ಅದರ ಮೇಲೆ ಮುಂದೆ ಬಾಗಿ ನಿಂತರೆ ನಾನು ಅರವತ್ತೊಂದು, ಹಿಂದೆ ವಾಲಿದರೆ ಅರವತ್ಮೂರು. ಅದನ್ನು ಬಿಟ್ಟೆ. ಎರಡನೆಯದು ಗಾಜಿನದು, ನೋಡಲು ಭಾರಿ ಚಂದ. ಚೀಲ ಇಟ್ಟರೆ ಇಪ್ಪತ್ತೈದು ತೋರಿಸಿತು. ಚೀಲ ಇಳಿಸಿ, ಅದರ ಮೇಲೆ ಉಪ್ಪಿನ ಪಾಕೀಟು ಇಟ್ಟು ಮತ್ತೆ ಏರಿಸಿದೆ. ಆಗಲೂ ಇಪ್ಪತ್ತೈದೇ! ಮೂರು ಸಲ ಮಾಡಿದರೂ ಅಷ್ಟೇ. ಮೊದಲು ಹೇಳಿದ ಅಂಕಿಯನ್ನು ನೆನಪಿಟ್ಟುಕೊಂಡು, ಹೊಸದು ಅದರ ಹತ್ತಿರವಿದ್ದರೆ ಹಳೆಯದನ್ನೇ ತೋರಿಸುವ ಮಷಿನ್ ಅದು.

"ಅರೆ, ಇದು ಒಮ್ಮಿ ಅಂದದ್ದ ಹಿಡಕೊಂಡು ಕುಂತೈತಲ್ರಿ, ನಮ್ಮ ಮಾವನಂಗ," ಎಂದರು ಸಾಹೇಬರು.

ಮೂರನೆಯದು ಕಪ್ಪಗೆ, ಸಾದಾ ಇತ್ತು. ಚೀಲಕ್ಕೆ ಇಪ್ಪತ್ತೈದು, ಉಪ್ಪು ಸೇರಿದರೆ ಇಪ್ಪತ್ತೈದೂವರೆ. ನಾನು ನಿಂತೆ, ಅರವತ್ತೆರಡು. ಚೀಲ ಅಪ್ಪಿಕೊಂಡು ನಿಂತೆ, ಎಂಬತ್ತೇಳು. ಮೂರು ಸಲವೂ ಒಂದೇ ಮಾತು. ಅದನ್ನೇ ಕಟ್ಟಿಸಿಕೊಂಡೆ. ಅಷ್ಟರಲ್ಲಿ ಅಂಗಡಿಯ ಮುಂದೆ ಏಳೆಂಟು ಮಂದಿ ಕೂಡಿದ್ದರು. ಅವರೂ ಒಬ್ಬೊಬ್ಬರಾಗಿ ಹತ್ತಿ ತೂಕ ನೋಡಿಕೊಂಡು ಹೋದರು.

ಮನೆಯಲ್ಲಿ ಇನ್ನೊಂದು ತೊಡಕು. ನಮ್ಮದು ಶಹಾಬಾದ್ ಕಲ್ಲಿನ ನೆಲ, ಒಂದು ಕಲ್ಲು ಎತ್ತರ, ಒಂದು ತಗ್ಗು. ಇಟ್ಟಲ್ಲೆಲ್ಲ ಮಷಿನ್ ಅಲುಗಾಡಿತು. ಕಡೆಗೆ ಅಡುಗೆಮನೆಯ ಬಾಗಿಲ ಹತ್ತಿರ ಒಂದು ಸಪಾಟ ಕಲ್ಲು ಸಿಕ್ಕಿತು. ಹೆಂಡತಿ ಸೀಮೆಸುಣ್ಣದಿಂದ ಮಷಿನ್ನಿನ ನಾಲ್ಕೂ ಮೂಲೆಗೆ ಗೆರೆ ಎಳೆದಳು.

ಮರುದಿನ ಮುಂಜಾನೆ ಅವಳು ಹತ್ತಿ ನಿಂತಾಗ ನನ್ನ ಬಾಯಿಂದ "ಲಾಭ" ಎಂದು ಬಂದುಬಿಟ್ಟಿತು. ರಾಶಿ ಅಳೆಯುವಾಗ ನಾವು ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಅದೇ ರೂಢಿ.

"ತೂಕ ಏರಬಾರದು ಅಂತ ಡಾಕ್ಟ್ರು ಹೇಳ್ಯಾರ, ನೀವು ಲಾಭ ಅಂತೀರಲ್ರಿ!" ಎಂದು ಅವಳು ಮಷಿನ್ ಮೇಲೆಯೇ ನಗಹತ್ತಿದಳು. ಅಂಕಿ ಕುಣಿಯಿತು. ಇಳಿದು ಮತ್ತೆ ನಿಲ್ಲಬೇಕಾಯಿತು.

ಹತ್ತು ದಿನ ಒಂದು ವಹಿಯಲ್ಲಿ ತೂಕ ಬರೆದು, ಅದನ್ನು ತೆಗೆದುಕೊಂಡು ಕೊಪ್ಪಳಕ್ಕೆ ಹೋದೆವು. ಡಾಕ್ಟರಮ್ಮ ಪುಟ ನೋಡಿ ಹುಬ್ಬು ಗಂಟಿಕ್ಕಿದರು. ಒಂದು ದಿನ ಐವತ್ತೇಳೂವರೆ, ಮರುದಿನ ಐವತ್ತಾರೂವರೆ, ಮತ್ತೆ ಐವತ್ತೇಳು.

"ಯಜಮಾನ್ರ, ಈ ಮಷಿನ್ ಸರಿ ಇಲ್ಲ ಅನಸ್ತೈತಿ."

ನನಗೆ ಸಿಟ್ಟೇ ಬಂತು. "ಮಷಿನ್ ಚೊಕ್ಕ ಐತ್ರಿ. ಅಕ್ಕಿ ಚೀಲ ಇಟ್ಟು ನೋಡೀನಿ. ಅದು ಹೇಳಿದ್ದರಾಗ ಸೀರಿ ತೂಕ ಕಳದು ಬರದೀನ್ರಿ."

"ಸೀರಿ ತೂಕ ಹೆಂಗ ಗೊತ್ತಾತು?"

"ಅಂದಾಜಿನ ಮ್ಯಾಲರಿ. ಇಳಕಲ್ ಸೀರಿಗೆ ಒಂದು ಕಿಲೋ, ತೆಳ್ಳಂದು ಇದ್ರ ಅರ್ಧ. ಬಳಿಗೊಂದಿಷ್ಟು."

ಚೀಲದ ತೂಕ ಕಳೆದು ಒಳಗಿನ ಮಾಲು ಎಷ್ಟೆಂದು ಬರೆಯುವುದು ಮಿಲ್ಲಿನ ಪದ್ಧತಿ. ಮೂವತ್ತು ವರ್ಷದ ಕೈ, ಮನೆಯಲ್ಲೂ ಹಾಗೆಯೇ ಬರೆದಿತ್ತು. ಹೆಂಡತಿಗೆ ಆವತ್ತೇ ಅದು ಗೊತ್ತಾದದ್ದು.

"ಅಯ್ಯ ನಿಮ್ಮ! ನನ್ನ ಸೀರಿ ಗೋಣಿ ಚೀಲ ಆತೇನ್ರಿ?" ಎಂದು ನರ್ಸ್ ಮುಂದೆಯೇ ಕೇಳಿದಳು. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಮಾತ್ರ ಖಡಕ್ಕಾಗಿ ಹೇಳಿದರು:

"ನಿಮ್ಮ ಅಂದಾಜಿನ್ಯಾಗ ಒಂದು ಕಿಲೋ ನೀರು ಅಡಗಿ ಕುಂತ್ರ ನನಗ ಹೆಂಗ ಕಾಣಬೇಕು? ಕಳೀಬ್ಯಾಡ್ರಿ, ಕೂಡಸಬ್ಯಾಡ್ರಿ. ದಿನಾ ಅದ ಅರಿವಿ ಉಟ್ಟು ನಿಲ್ಲಲಿ, ಮಷಿನ್ ಹೇಳಿದ್ದು ಬರೀರಿ."

ಅವತ್ತಿನಿಂದ ಒಂದು ಹಳೆಯ ಹೂವಿನ ಸೀರೆ ಗೂಟಕ್ಕೆ ಬಿತ್ತು. ಅದಕ್ಕೆ ನಮ್ಮ ಮನೆಯಲ್ಲಿ ತೂಕದ ಸೀರೆ ಎಂದೇ ಹೆಸರು. ಅಂಕಿಗಳೂ ಸಾಲಿನಲ್ಲಿ ನಿಂತವು. ಐವತ್ತೆಂಟರ ಹಿಂದೆ ಮುಂದೆ ಸ್ವಲ್ಪ, ಅಷ್ಟೇ.

ಎರಡು ತಿಂಗಳಾದ ಮೇಲೆ ತಾವರಗೇರಾದಲ್ಲಿ ಅವಳ ತಂಗಿಯ ಮಗಳ ಮದುವೆ ಬಂತು. ಎರಡು ದಿನ ಅಲ್ಲಿಯೇ ಇದ್ದೆವು. ತಿರುಗಿ ಬಂದ ಮರುದಿನ ಮುಂಜಾನೆ ಮಷಿನ್ ಅರವತ್ತು ಪಾಯಿಂಟ್ ನಾಲ್ಕು ತೋರಿಸಿತು. ಹೋಗುವ ದಿನ ಐವತ್ತೆಂಟು ಇತ್ತು.

"ಮಷಿನ್ ಕೆಟ್ಟೈತಿ ನೋಡ್ರಿ," ಎಂದಳು ಅವಳು. "ನನಗೇನ ಆಗಿಲ್ಲ, ಆರಾಮ ಅದೀನಿ."

ಖರೆ ಹೇಳುತ್ತೇನೆ, ನನಗೂ ಮಷಿನ್ ಕೆಟ್ಟಿರಲಿ ಎಂದೇ ಅನಿಸಿತು. ಪ್ರಯಾಣದ ದಣಿವು, ಮದುವೆಯ ಊಟ ಎಂದು ಒಂದು ಕಿಲೋ ಕಳೆದು ಬರೆದರೆ ಏನಾದೀತು ಎಂದು ಕೈ ತುರಿಸಿತು. ಬರೆಯಲಿಲ್ಲ. ಮೂಲೆಯಲ್ಲಿದ್ದ ಅಕ್ಕಿ ಚೀಲ ತಂದು ಮಷಿನ್ ಮೇಲೆ ಇಟ್ಟೆ. ಇಪ್ಪತ್ತೈದು. ಉಪ್ಪು ಇಟ್ಟೆ. ಇಪ್ಪತ್ತೈದೂವರೆ.

ಅವಳು ಬಾಗಿ ಆ ಅಂಕಿ ನೋಡಿದಳು.

"ಹಂಗಾದ್ರ ನಾನ ಏರೀನಿ," ಎಂದಳು ಮೆಲ್ಲಗೆ. ಆಮೇಲೆ, "ಮದುವ್ಯಾಗ ಉಪ್ಪಿನಕಾಯಿ ತಿಂದೆರಿ. ಹಪ್ಪಳಾನೂ."

"ಎಷ್ಟು?"

"ಅಂದಾಜು ಹೇಳಬಾರದಂತಲ್ರಿ," ಎಂದು ನನ್ನ ಮೇಲೆಯೇ ತಿರುಗಿಸಿದಳು.

ಚಾ ಸಹ ಕುಡಿಯದೆ ಕೊಪ್ಪಳದ ಬಸ್ಸು ಹತ್ತಿದೆವು. ಡಾಕ್ಟರಮ್ಮ ಕಾಲು ಒತ್ತಿ ನೋಡಿದರು, ಎದೆಗೆ ನಳಿಕೆ ಇಟ್ಟು ಕೇಳಿದರು, ಇಂಜೆಕ್ಷನ್ ಕೊಟ್ಟು ಗುಳಿಗೆ ಹೆಚ್ಚು ಮಾಡಿದರು. "ಇನ್ನೆರಡು ದಿನ ಬಿಟ್ಟಿದ್ರ ಅಡ್ಮಿಟ್ ಮಾಡಬೇಕಾಗಿತ್ತು, ಛಲೋ ಟೈಮಿಗೆ ಬಂದ್ರಿ," ಎಂದು ವಹಿಯ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದರು. ನಾಲ್ಕು ದಿನದಲ್ಲಿ ಅಂಕಿ ಮತ್ತೆ ಐವತ್ತೆಂಟಕ್ಕೆ ಇಳಿಯಿತು. ಹತ್ತನೇ ಇಯತ್ತೆ ಪಾಸಾದಾಗಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

ಆ ಅಕ್ಕಿಯನ್ನು ನಾವು ಇಂದಿಗೂ ಬೇಯಿಸಿಲ್ಲ. ಒಣಗಿ, ನುಸಿ ಬಿದ್ದು ತೂಕ ಕಡಿಮೆಯಾದೀತೆಂದು ತಿಂಗಳಿಗೊಮ್ಮೆ ಮಿಲ್ಲಿಗೆ ಒಯ್ದು ಕಾಟಾದ ಮೇಲೆ ಇಟ್ಟು ನೋಡಿ ತರುತ್ತೇನೆ. "ನನಗಿಂತ ಆ ಚೀಲದ ತಪಾಸಣಿನ ಹೆಚ್ಚಾತು," ಎಂದು ಹೆಂಡತಿ ಬೈಯುತ್ತಾಳೆ. ಬೈಯಲಿ. ಬೈಯುವಾಗ ಈಗ ಅವಳಿಗೆ ಉಸಿರು ಸಾಲುತ್ತದೆ.

ನಿಮ್ಮ ಮನೆಯಲ್ಲೂ ಇಂಥ ಮಷಿನ್ ಇರಬಹುದು. ಅದು ಖರೆ ಹೇಳುತ್ತದೋ ಇಲ್ಲವೋ ಎಂದು ನೀವು ಏನಿಟ್ಟು ನೋಡಿದಿರಿ? ನಿಮ್ಮ ಕೈಯೂ ಎಂದಾದರೂ ಒಂದಿಷ್ಟು ಕಳೆದು ಬರೆದಿತ್ತೇ? ಕೆಳಗೆ ಬರೆಯಿರಿ. ನಾನು ಓದುವುದು ತಡ, ಆದರೆ ಎಲ್ಲವನ್ನೂ ಓದುತ್ತೇನೆ.