ಸಂದರ್ಶನದ ಕುರ್ಚಿ

ಮುಂಬೈಯ ಭಾಂಡುಪ್‌ನ ಗೋದಾಮಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಕಾಣೆಯಾಗಿತ್ತು. ಅದು ನನ್ನ ಸಂದರ್ಶನದ ಕುರ್ಚಿ. ಬಂದ ಮಾಲು ಇಳಿಸಿಕೊಳ್ಳುವ ಆ ಒಂದೇ ಕೆಲಸಕ್ಕೆ ಹೊರಗೆ ಇಡೀ ಚಾಳೇ ಸಾಲು ನಿಂತಿರುವಾಗ ನಾನು ನೀರು ಕುಡಿಯಲು ಎದ್ದಿದ್ದೆ.

“ಕುರ್ಚಿ ಎಲ್ಲಿ ಹೋತೋ ಮಲ್ಲಪ್ಪ?” ಧಾರವಾಡ ಕಡೆಯ ಮ್ಯಾನೇಜರ್ ಹಮಾಲನನ್ನು ಕೇಳಿದರು.

“ವಡಾಲದ ಹಳೇ ಸ್ಟಿಕ್ಕರ್ ಇತ್ರೀ ಸಾಹೇಬ್ರ, ಗಾಡಿಗೆ ಹಾಕೇವ್ರಿ.”

ಯಾವ ಗೋದಾಮಿನ ಸ್ಟಿಕ್ಕರ್ ಇದೆಯೋ ಆ ಗೋದಾಮಿನ ಗಾಡಿ ಹತ್ತಬೇಕೆಂಬುದು ಅಲ್ಲಿನ ನಿಯಮ.

“ಇವರು ಕುಂತಿದ್ರಲ್ಲೋ!”

“ಆಗ ಸ್ಟಿಕ್ಕರ್ ಕಾಣ್ಲಿಲ್ರಿ. ಕಂಡಿದ್ರ ಇವರನ್ನೂ ಕೂಡೇ ಕಳಸ್ತಿದ್ವಿ.”

ಮ್ಯಾನೇಜರ್ ವಡಾಲದ ಗೋದಾಮಿಗೆ ಫೋನ್ ಮಾಡಿದರು. ಕುರ್ಚಿ ಇಳಿಸಿಕೊಳ್ಳಲು ಅಲ್ಲಿ ಆಳಿಲ್ಲವೆಂದು ಗೊತ್ತಾಯಿತು. ಇದ್ದವನು ಕೆಲಸ ಬಿಟ್ಟಿದ್ದ. ಮ್ಯಾನೇಜರ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಹೋಗ್ತೀರೇನು?” ಎಂದರು.

ನಾನೀಗ ವಡಾಲದಲ್ಲಿ ಕೆಲಸಕ್ಕಿದ್ದೇನೆ.