ಮರ್ಟಲ್ ಅತ್ತೆಯ ದೊಡ್ಡ ಟೋಪಿ

ಶನಿವಾರ ಬೆಳಗಾದರೆ ಮರ್ಟಲ್ ಅತ್ತೆ ಆ ದರಿದ್ರ ಕಂದು ಟೋಪಿ ಹಾಕಿಕೊಂಡು ಪೇಟೆಗೆ ಹೊರಟುಬಿಡುತ್ತಿದ್ದಳು. ಅದು ಕಣ್ಣಿನವರೆಗೆ ಇಳಿದು ಕೂರುತ್ತಿತ್ತು. ಬಾರ್ವನ್ ನದಿಯ ಸೇತುವೆ ಮೇಲೆ ಎಡವಿ ಬಿದ್ದಾಳೆಂದು ಅಣ್ಣನ ಮಗಳು ಲೋರ್ನಾ ಮೊಣಕೈ ಹಿಡಿದುಕೊಂಡು ಜೊತೆಗೆ ಹೋಗಬೇಕಿತ್ತು. ಅತ್ತೆಗೆ ತಲೆ ಕೆಟ್ಟಿದೆ ಅಂತ ಊರಾಚೆ ಕಪ್ಪು ಜನರಿಗೆಂದೇ ಇದ್ದ ಮಿಷನ್ ಕೇರಿಯ ಅರ್ಧ ಜನ ಆಡಿಕೊಳ್ಳುತ್ತಿದ್ದರು. ಲೋರ್ನಾಗೆ ಹಾಗೆ ಅನಿಸುತ್ತಿರಲಿಲ್ಲ. ಆದರೆ ಈ ಹೆಂಗಸಿಗೆ ನಿಜಕ್ಕೂ ಏನು ಬೇಕು ಅನ್ನುವುದು ಅವಳಿಗೆ ಬಗೆಹರಿದಿರಲಿಲ್ಲ.

ಟೋಪಿಯ ಕಥೆಯೇನೋ ಎಲ್ಲರಿಗೂ ಗೊತ್ತಿತ್ತು. ಪೇಟೆಯಲ್ಲಿ ಕಪ್ಪು ಜನಕ್ಕೆ ಎಲ್ಲವೂ ಬೇರೆ: ಸಿನಿಮಾ ಮಂದಿರದಲ್ಲಿ ಹಗ್ಗ ಕಟ್ಟಿ ಬೇರೆ ಮಾಡಿದ ಮುಂದಿನ ಬೆಂಚು, ಆಸ್ಪತ್ರೆಯಲ್ಲಿ ಹಿಂದಿನ ವರಾಂಡ. ಮಿಸೆಸ್ ಪ್ರಿಂಗಲ್‌ಳ ಬಟ್ಟೆ ಅಂಗಡಿಯಲ್ಲಿ ಕಪ್ಪು ಜನ ದುಡ್ಡು ಕೊಟ್ಟು ಕೊಳ್ಳಬಹುದು, ಏನನ್ನೂ ಹಾಕಿ ನೋಡುವಂತಿಲ್ಲ. ಹಾಗಾಗಿ ಟೋಪಿ ಬೇಕಾದಾಗ ಕೇರಿಯ ಹೆಂಗಸರು ತಲೆಗೆ ದಾರ ಸುತ್ತಿ, ಅಳತೆಗೆ ಗಂಟು ಹಾಕಿ ಒಯ್ಯುತ್ತಿದ್ದರು. ಮಗಳ ಮದುವೆಗೆಂದು ಅತ್ತೆಯೂ ಒಯ್ದಳು. ಆದರೆ ಅಳೆಯುವಾಗ, ಕೂದಲು ಗುಂಗುರಾಗಲೆಂದು ತಲೆ ತುಂಬ ಬಟ್ಟೆ ಚಿಂದಿ ಸುತ್ತಿಕೊಂಡಿದ್ದಳು; ಅದು ಮರೆತೇ ಹೋಗಿತ್ತು. ಮದುವೆಯ ಫೋಟೋದಲ್ಲಿ ಹುಡುಗಿಯ ತಾಯಿ ಅಂದರೆ ಒಂದು ಟೋಪಿ, ಅದರ ಕೆಳಗೊಂದು ಗದ್ದ. ಜನ ಬಿದ್ದು ಬಿದ್ದು ನಕ್ಕರು. ಅತ್ತೆಯೂ ನಕ್ಕಳು, ಆಮೇಲೆ ಹಿತ್ತಲಿಗೆ ಹೋಗಿ ಅತ್ತಳು. ಬದಲಿಸಿಕೊಡಿ ಎಂದು ಹೋದರೆ ಮಿಸೆಸ್ ಪ್ರಿಂಗಲ್, “ನಿನ್ನ ತಲೆಗೆ ತಾಗಿದ್ದನ್ನ ಇನ್ಯಾರು ತಗೋತಾರೆ?” ಎಂದು ಬಾಗಿಲು ತೋರಿಸಿದಳು.

ಅಂದಿನಿಂದ ಅತ್ತೆ ಪ್ರತಿ ಶನಿವಾರ ಆ ಬಾಗಿಲ ಪಕ್ಕದಲ್ಲೇ ನಿಲ್ಲತೊಡಗಿದಳು. ಫಲಕವಿಲ್ಲ, ಘೋಷಣೆಯಿಲ್ಲ, ಬರೀ ಟೋಪಿ. ಬಿಳಿ ಹೆಂಗಸರಿಗೆ ಕುತೂಹಲ ತಡೆಯಲಾಗುತ್ತಿರಲಿಲ್ಲ.

“ಇದ್ಯಾಕಮ್ಮ ಟೋಪಿ ಹೀಗಿದೆ?”

“ಇದೇ ಅಂಗಡೀದು ಮೇಡಂ. ನಮ್ಗೆ ಇಲ್ಲಿ ಹಾಕಿ ನೋಡೋಕೆ ಬಿಡಲ್ಲ, ಹೀಗೇ ಸಿಗೋದು.”

ಪೊಲೀಸಿನವನೂ ಬಂದ. “ಏನ್ ಮಾಡ್ತಿದ್ದೀಯ ಮರ್ಟಲ್?”

“ಟೋಪಿ ಹಾಕ್ಕೊಂಡಿದ್ದೀನಿ ಸಾರ್. ಅದಕ್ಕೂ ಕಾನೂನಿದ್ಯಾ?”

ಅವನು ತಲೆ ಕೆರೆದುಕೊಂಡು ಹೋದ. ಅಂಗಡಿಯ ಹೆಸರು ಮಾತ್ರ ಊರೆಲ್ಲ ನಗೆಪಾಟಲಾಯಿತು. ಕೊನೆಗೊಂದು ದಿನ ಮಿಸೆಸ್ ಪ್ರಿಂಗಲ್ ಚಿಕ್ಕದೊಂದು ಟೋಪಿ ಹಿಡಿದು ಹೊರಗೆ ಬಂದಳು. “ತಗೋ, ದುಡ್ಡು ಬೇಡ. ಇಲ್ಲಿಂದ ಹೋಗು ಮಾರಾಯ್ತಿ.”

“ಬಿಟ್ಟಿ ಟೋಪಿ ನಿಮ್ಮ ಹತ್ರಾನೇ ಇರ್ಲಿ. ಒಳಗೆ ಬಂದು ಹಾಕಿ ನೋಡ್ತೀನಿ.”

ಬಾಗಿಲು ದಡಾರನೆ ಮುಚ್ಚಿತು. ವಾಪಸು ಬರುವಾಗ ಲೋರ್ನಾಗೆ ಸಿಟ್ಟು ನೆತ್ತಿಗೇರಿತ್ತು. “ಕೈಗೆ ಬಂದಿದ್ದನ್ನ ಬೇಡ ಅಂದ್ಯಲ್ಲ! ಇನ್ನೇನು ಕಿರೀಟ ಬೇಕಾ ನಿಂಗೆ?”

“ಕಿರೀಟಾನೂ ಹಾಕಿ ನೋಡ್ದೆ ತಗೊಳಲ್ಲ ಕಣೇ.”

ಚಳಿಗಾಲವಿಡೀ ಹೀಗೇ ಕಳೆಯಿತು. ಬೇಸಿಗೆ ಟೋಪಿಗಳು ಬಂದ ವಾರ ಆ ಬಾಗಿಲು ತಾನಾಗಿ ತೆರೆಯಿತು. “ಬಾ. ಅದೇನು ನೋಡ್ತೀಯೋ ನೋಡಿ ಮುಗಿಸು,” ಎಂದಳು ಮಿಸೆಸ್ ಪ್ರಿಂಗಲ್. ಅಂಗಡಿಯಲ್ಲಿದ್ದ ಬ್ಯಾಂಕ್ ಮ್ಯಾನೇಜರನ ಹೆಂಡತಿ ಬಾಯಿ ಬಿಟ್ಟುಕೊಂಡು ನಿಂತಳು.

ಅತ್ತೆಗೆ ಒಂದಿಷ್ಟೂ ಅವಸರವಿರಲಿಲ್ಲ. ಒಂದೊಂದಾಗಿ ಹಾಕಿಕೊಂಡು, ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದಳು. ನೀಲಿಯದೊಂದು ಅವಳಿಗೆಂದೇ ಹೊಲಿದ ಹಾಗಿತ್ತು. ಲೋರ್ನಾ, “ಇದೇ ಅತ್ತೆ, ಇದೇ!” ಅಂದಳು. ಮಿಸೆಸ್ ಪ್ರಿಂಗಲ್ ಕಾಗದದ ಚೀಲ ಬಿಡಿಸಿದಳು.

ಅತ್ತೆ ನೀಲಿ ಟೋಪಿ ತೆಗೆದು ಅವಳ ಕೈಗಿಟ್ಟಳು. “ಬೇಡ. ಸುಮ್ನೆ ನೋಡೋಣ ಅಂತ ಬಂದೆ.”

ಬಿಳಿ ಹೆಂಗಸರು ದಿನಾ ಆಡುವ ಮಾತು ಅದು. ಕಪ್ಪು ಹೆಂಗಸೊಬ್ಬಳು ಆ ಅಂಗಡಿಯಲ್ಲಿ ಆಡಿದ್ದನ್ನು ಲೋರ್ನಾ ಕೇಳಿದ್ದು ಅಂದೇ ಮೊದಲು. ಇಷ್ಟು ದಿನ ಅತ್ತೆ ನಿಂತಿದ್ದು ಈ ಮಾತಿಗೇ ಎಂದು ಅವಳಿಗೆ ಆಗ ಅರ್ಥವಾಯಿತು.

ಹೊರಗೆ ಬಂದವಳೇ ಅತ್ತೆ ಹಳೆಯ ಟೋಪಿ ಹಾಕಿಕೊಂಡಳು. ಅದರಡಿ ಕಣ್ಣು ಮರೆಯಾಯಿತು.

“ಆ ನೀಲೀದು ಏನ್ಮಾಡಿದ್ಲು ನೋಡೇ. ಬಿಸಾಕಿದ್ಲಾ?”

ಲೋರ್ನಾ ಗಾಜಿಗೆ ಮೂಗು ಒತ್ತಿ ನೋಡಿದಳು. “ಇಲ್ಲ, ಎಲ್ಲಿತ್ತೋ ಅಲ್ಲೇ ಇಟ್ಲು. ಇರು… ಮ್ಯಾನೇಜರನ ಹೆಂಡ್ತಿ ಅದನ್ನೇ ಎತ್ಕೊಂಡು ಹಾಕಿ ನೋಡ್ತಿದ್ದಾಳೆ!”

“ನಾನು ಹಾಕಿದ್ದನ್ನ ಅವಳು ನೋಡಿದ್ಲು ತಾನೇ?”

“ಪಕ್ಕದಲ್ಲೇ ನಿಂತಿದ್ಲಲ್ಲ ಅತ್ತೆ!”

ಮರ್ಟಲ್ ಅತ್ತೆ ಕಂದು ಟೋಪಿ ತೆಗೆದು ಲೋರ್ನಾಳ ಕೈಗೆ ಕೊಟ್ಟಳು. ಅತ್ತೆಯ ಕಣ್ಣು ತುಂಬಿತ್ತು. ಅಂದು ಬರಿದಲೆಯಲ್ಲಿ, ಯಾರ ಕೈಯನ್ನೂ ಹಿಡಿಯದೆ ಸೇತುವೆ ದಾಟಿದಳು.