ಅಣ್ಣನ ಎಡಗೈ

ಫೋನಿನಲ್ಲಿ ಯಾರ ಮುಖ ಎಷ್ಟೇ ಹೊಳೆಯಲಿ, ನಮ್ಮ ಅತ್ತಿಗೆ ಸುಲಭಕ್ಕೆ ನಂಬುವವರಲ್ಲ. "ಬೆಳ್ಳಗಿರೋದೆಲ್ಲ ಹಾಲಲ್ಲ, ಅವರವರ ಚರ್ಮ ಅವರವರಿಗೆ" ಎನ್ನುತ್ತಲೇ ಮುಖಕ್ಕೆ ಹಚ್ಚುವ ಸೀರಮ್ ತರಿಸುತ್ತಾರೆ, ತರಿಸಿ ಮೊದಲು ಅಣ್ಣನ ಎಡ ಮುಂಗೈಗೆ ಹಚ್ಚುತ್ತಾರೆ. ರೆಟಿನಾಲ್, ವಿಟಮಿನ್ ಸಿ, ನಾಲಿಗೆ ಹೊರಳದ ಹೆಸರಿನ ಆಸಿಡ್‌ಗಳು, ಯಾವುದೇ ಆಗಲಿ, ಆ ಕೈಯಲ್ಲಿ ಪಾಸಾಗದೆ ಅತ್ತಿಗೆಯ ಮುಖ ಹತ್ತುವಂತಿಲ್ಲ. ಒಂದರ ಫಲಿತಾಂಶ ಬರುವ ತನಕ ಇನ್ನೊಂದರ ಮುಚ್ಚಳ ತೆರೆಯುವಂತಿಲ್ಲ. ಹಚ್ಚಿದ ಜಾಗಕ್ಕೆ ಬಿಸಿಲು ತಾಗಬಾರದೆಂದು ಅಣ್ಣ ಅಂಗಿಯ ಬಲ ತೋಳು ಮಡಚಿ, ಎಡ ತೋಳು ಇಳಿಬಿಟ್ಟು ಆಫೀಸಿಗೆ ಹೋಗುತ್ತಾನೆ. ಈಗ ಅವನ ಎಡಗೈ ಬಲಗೈಗೆ ತಮ್ಮನಂತೆ ಕಾಣುತ್ತದೆ. ದಿನಾ ಬೆಳಿಗ್ಗೆ ಅತ್ತಿಗೆ ಕಿಟಕಿಯ ಬಳಿ ಕೂತು, ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕನ್ನಡಕ ಏರಿಸಿ ನೋಡುತ್ತಾರೆ. "ಉರೀತಿದ್ಯಾ?" "ಸ್ವಲ್ಪ." "ಹಾಗಾದ್ರೆ ನಾಳೆನೂ ನೋಡ್ಬೇಕು." ಅವರಿಬ್ಬರ ನಡುವಿನ ಮಾತುಕತೆ ಹೆಚ್ಚುಕಡಿಮೆ ಇಷ್ಟೇ. ಕಳೆದ ವಾರ ಯಾವ ಬಾಟಲಿಯೂ ಬಂದಿರಲಿಲ್ಲ, ಕೈಗೆ ಏನೂ ಹಚ್ಚಿರಲಿಲ್ಲ. ಆದರೂ ಬೆಳಿಗ್ಗೆ ಅಣ್ಣ ಎಡ ತೋಳು ಮಡಚಿಕೊಂಡು ಬಂದು ಕಿಟಕಿಯ ಬಳಿ ಕೂತ. "ಸ್ವಲ್ಪ ಉರೀತಿದೆ ಕಣೇ" ಎಂದ. ಅತ್ತಿಗೆ ಕನ್ನಡಕ ಹುಡುಕತೊಡಗಿದರು.